ಎತ್ತಿಕೊಂಡವಳ ತೋಳು

ಮೈಮೇಲಿನ ಗಾಯ ತಾನಾಗಿ ಮಾಯುತ್ತದೆ. ಕಲ್ಲಿನ ಗಾಯವೂ ಹಾಗೆ ಮಾಯುವಂತಾದರೆ? ಡಾ. ಇಂದುಮತಿ ಬೆಳಕೋಟಿ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಅವಳ ಸಂಸ್ಥೆಯ ಹಿರಿಯರು ನಕ್ಕಿದ್ದರು. ಕೆಲವು ವರ್ಷಗಳ ಮೇಲೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸೀಳಿದ ಸುಣ್ಣಕಲ್ಲಿನ ಚೂರೊಂದು ಮತ್ತೆ ಕೂಡಿಕೊಂಡಾಗ ಅದೇ ಹಿರಿಯರು ಪತ್ರಿಕೆಯ ಫೋಟೊಗೆಂದು ಅವಳ ಪಕ್ಕದಲ್ಲಿ ಒತ್ತರಿಸಿಕೊಂಡು ನಿಂತರು. ದೊಡ್ಡವರ ರೀತಿಯೇ ಹಾಗೆ. ಅದಕ್ಕೆಲ್ಲ ಬೇಸರ ಮಾಡಿಕೊಳ್ಳುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಅವಳು ಸಾಕಿ ತಿದ್ದಿದ್ದು ಸುಣ್ಣ ಕಟ್ಟುವ ಒಂದು ಸೂಕ್ಷ್ಮಜೀವಿಯನ್ನು. ಇಂಥವು ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ತಮ್ಮ ಊಟ ಮುಗಿಸಿ ಸುತ್ತಲೂ ಸುಣ್ಣದ ಹರಳು ಕಟ್ಟುತ್ತವೆ, ಅಷ್ಟೇ ಅವುಗಳ ಸಂಸಾರ. ಇಂದುಮತಿ ಬದಲಿಸಿದ್ದು ಅವುಗಳ ಊಟವನ್ನು. ಮನುಷ್ಯನ ಬೆವರು ಬಿಟ್ಟು ಬೇರೇನನ್ನೂ ತಿನ್ನದಂತೆ ಮಾಡಿದಳು. ಇಲ್ಲದಿದ್ದರೆ ಅವು ಮಳೆನೀರಿನ ಜೊತೆ ಹರಿದುಹೋಗಿ ಊರಿನ ನಲ್ಲಿ, ಕೊಳವೆಗಳಿಗೆಲ್ಲ ಸುಣ್ಣ ಕಟ್ಟಿ ಕೂತುಬಿಡುತ್ತಿದ್ದವು. ಇದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಊರೂರಿನ ಸ್ಮಾರಕಗಳು ಸವೆಯುವುದು ನೋಡಲು ಬಂದವರ ಕೈಗಳಿಂದ. ಹೆಚ್ಚು ಕೈ ಬಿದ್ದ ಕಡೆ ಹೆಚ್ಚು ಸವೆತ, ಅಲ್ಲೇ ಹೆಚ್ಚು ಬೆವರು, ಹಾಗಾಗಿ ಅಲ್ಲೇ ಹೆಚ್ಚು ದುರಸ್ತಿ. ಸವೆಸಿದ ಕೈಯೇ ಕಟ್ಟಲಿ ಎಂಬುದು ಅವಳ ವಾದ.

ಮೊದಲ ಪ್ರಯೋಗಕ್ಕೆ ಆರಿಸಿದ್ದು ರಾಯನಕೋಟೆಯ ನೀರಿನ ಸ್ಮಾರಕವನ್ನು. ಇಂದುಮತಿ ಹುಟ್ಟಿ ಬೆಳೆದದ್ದು ಅದೇ ನಗರದಲ್ಲಿ. ಅಣ್ಣ ಅತ್ತಿಗೆ ಈಗಲೂ ಅಲ್ಲೇ ಇದ್ದರು. ಊರಿಗೆ ಕಾಲುವೆ ತಂದ ದೊರೆಯ ನೆನಪಿಗೆಂದು ಮುನ್ನೂರು ವರ್ಷಗಳ ಹಿಂದೆ ಕಟ್ಟಿಸಿದ ಎತ್ತರದ ಗೋಡೆ ಅದು. ಮೇಲೆ ಕುದುರೆಯ ಮೇಲೆ ದೊರೆ. ಕೆಳಗೆ, ನಮ್ಮ ನಿಮ್ಮ ಎದೆಯ ಮಟ್ಟಕ್ಕೆ, ಕೊಡ ಹೊತ್ತು ನಡೆಯುತ್ತಿರುವ ಹೆಂಗಸರ ಸಾಲು. ಸಾಲಿನ ಕೊನೆಯವಳ ತಲೆಯ ಮೇಲೊಂದು ಕೊಡ, ತೋಳಿನಲ್ಲೊಂದು ಕೂಸು. ಶಿಲ್ಪಿ ಯಾವ ಹುಮ್ಮಸ್ಸಿನಲ್ಲಿದ್ದನೋ, ಆ ಕೂಸನ್ನು ಮಾತ್ರ ಗೋಡೆಯಿಂದ ಪೂರಾ ಹೊರಗೆ ಚಾಚಿ ಕೆತ್ತಿದ್ದ. ಅದರ ಭಾರವೆಲ್ಲ ತಾಯಿಯ ಆ ಒಂದೇ ಸಣ್ಣ ತೋಳಿನ ಮೇಲೆ.

ಬಸ್ ನಿಲ್ದಾಣದ ಎದುರಿಗೇ ಸ್ಮಾರಕ, ಅದರಾಚೆ ದೊಡ್ಡಾಸ್ಪತ್ರೆ. ಪರಊರಿನವರು ಬಸ್ಸಿಳಿದವರೇ ರಸ್ತೆಯ ಆಚೆ ನಿಂತು ದೊರೆಯ ಫೋಟೊ ಹೊಡೆಯುವರು. ಆಮೇಲೆ ಹತ್ತಿರ ಬಂದು ಕೂಸಿನ ಕೆನ್ನೆ ಸವರುವರು. ದೊರೆಯ ಹೆಸರು ಕೇಳಿದರೆ ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಉಳಿದರ್ಧ ತಪ್ಪು ಹೇಳುತ್ತಿದ್ದರು. ಕೂಸು ಮಾತ್ರ ಎಲ್ಲರಿಗೂ ಬೇಕು. ಆಸ್ಪತ್ರೆಗೆ ಮಕ್ಕಳನ್ನು ಕರೆತಂದವರಂತೂ ಕಲ್ಲಿನ ಕೆನ್ನೆ ಮುಟ್ಟಿ, ಅದೇ ಕೈಯಿಂದ ತಮ್ಮ ಮಗುವಿನ ಕೆನ್ನೆ ಮುಟ್ಟಿ, ಬಳಿಕವೇ ಚೀಟಿಯ ಸಾಲಿಗೆ ಹೋಗುವರು. ಹೀಗೆ ಸವರಿ ಸವರಿ ಕೂಸಿನ ಕಣ್ಣು ಮೂಗು ಅಳಿಸಿಹೋಗಿ ಮುಖ ಬರೀ ನುಣ್ಣನೆಯ ಉಂಡೆಯಾಗಿತ್ತು.

ಜೀವಿಗಳನ್ನು ಬಳಿದ ಮೊದಲ ವರ್ಷ ಎಲ್ಲವೂ ಅಂದುಕೊಂಡಂತೆ ನಡೆಯಿತು. ಕೆನ್ನೆ ತುಂಬಿಕೊಂಡಿತು. ಎರಡನೇ ವರ್ಷ ಗಲ್ಲ ಮೂಡಿತು. ಊರಿನ ತುಂಬ ಒಂದೇ ಮಾತು: ಕೂಸು ಬೆಳೀಲಿಕ್ಕತ್ತದ! ಈ ಸುದ್ದಿ ಹಬ್ಬಿದ್ದೇ ತಡ, ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಚಾಲಕನಿಲ್ಲದ ಬಸ್ಸುಗಳು ಕೂಡ ಸ್ಮಾರಕದ ಮುಂದೆ ತುಸು ನಿಂತು ಹೋಗುವಂತೆ ಸಾರಿಗೆಯವರು ಏರ್ಪಾಡು ಮಾಡಿದರು. ಬಂದವರೆಲ್ಲ ಸವರಿದರು. ಕೂಸು ಇನ್ನಷ್ಟು ಬೆಳೆಯಿತು.

ಮೂರನೇ ವರ್ಷದ ಚಳಿಗಾಲದಲ್ಲಿ ಮೌಲಾಲಿ ಫೋನು ಮಾಡಿದ. ಅವನು ಯೋಜನೆಯ ಎಂಜಿನಿಯರು. ಸ್ಮಾರಕದ ಮಗ್ಗುಲಿನ ಹಳೆಯ ಜಕಾತಿ ಕಟ್ಟಡವೇ ಅವನ ನಿಯಂತ್ರಣ ಕೊಠಡಿ. ಕಲ್ಲಿನ ಹಿಂಭಾಗಕ್ಕೆ ಅವನು ಸಣ್ಣ ಸಣ್ಣ ಯಂತ್ರದ ಕಿವಿಗಳನ್ನು ಅಂಟಿಸಿದ್ದ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಸದ್ದು ಆ ಕಿವಿಗಳಿಗೆ ಬೀಳುತ್ತಿತ್ತು.

"ಮೇಡಂ, ನೀವು ಒಂದ್ಸಲ ಬರಬೇಕ್ರಿ," ಎಂದ. "ತಾಯಿ ತೋಳು ಮಾತಾಡಲಿಕ್ಕತ್ತದ."

ಇಂದುಮತಿ ಮರುದಿನವೇ ಬಂದಳು. ಮೌಲಾಲಿ ಧ್ವನಿವರ್ಧಕ ಹಾಕಿದ. ಜನರ ಗದ್ದಲವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿದದ್ದು ಒಣ ಕಡ್ಡಿ ಮುರಿದಂಥ ಚಿಟಿ ಚಿಟಿ ಸದ್ದು.

"ಎಷ್ಟು ದಿನದಿಂದ ಇದು?"

"ಒಂದೊಂದು ಅಂತ ದೀಪಾವಳಿಯಿಂದ. ಈಗ ದಿನಾ ಬರ್ತದ. ಕೂಸಿನ ತೂಕ ಮೊದಲಿಗಿಂತ ಒಂದೂವರೆ ಪಟ್ಟು ಆಗ್ಯದ್ರಿ. ತೋಳು ಇದ್ದಷ್ಟೇ ಅದ. ಯಾರೂ ಮುಟ್ಟಂಗಿಲ್ಲಲ್ಲ, ಅದು ಹ್ಯಾಂಗ ಬೆಳೀಬೇಕು?"

ಎಲ್ಲಿ ತಪ್ಪಿತು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಕೈ ಎಷ್ಟು ಬೆವರು ಬಿಡುತ್ತದೆ ಎಂಬ ಅಂದಾಜನ್ನು ಇಂದುಮತಿ ವಸ್ತುಸಂಗ್ರಹಾಲಯಗಳಿಂದ ತಂದಿದ್ದಳು. ಅಲ್ಲಿಯ ಜನ ಕಾವಲುಗಾರನ ಕಣ್ಣು ತಪ್ಪಿಸಿ ಬೆರಳ ತುದಿಯಿಂದ ಮುಟ್ಟಿ ಕೈ ಎಳೆದುಕೊಳ್ಳುವವರು. ಇಲ್ಲಿ ಹಾಗಲ್ಲ. ಎರಡೂ ಅಂಗೈಯಿಂದ ಕೆನ್ನೆ ಒತ್ತಿ ಹಿಡಿದು, ಗಲ್ಲದವರೆಗೆ ಇಳಿಸಿ, ತಮ್ಮ ಕಿವಿಯ ಪಕ್ಕ ಲಟಿಕೆ ಮುರಿದು ದೃಷ್ಟಿ ತೆಗೆಯುವುದು. ಆಮೇಲೆ ಜೊತೆಗೆ ಬಂದವರೂ ಒಬ್ಬೊಬ್ಬರಾಗಿ ಹಾಗೇ ಮಾಡುವುದು. ಈ ಊರಿನಲ್ಲೇ ಹುಟ್ಟಿ, ಮೂರು ಹೊತ್ತೂ ದೃಷ್ಟಿ ತೆಗೆಸಿಕೊಂಡೇ ಬೆಳೆದವಳಿಗೆ ಇದು ಹೊಳೆಯದೇ ಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಬೆಳೆದದ್ದನ್ನ ಕೆತ್ತಿ ತೆಗದ್ರ?"

"ಉಳಿ ಹಚ್ಚಿದರ ಆ ಏಟಿಗೇ ತೋಳು ಹೋಗ್ತದ. ಕೆಳಗ ಉಕ್ಕಿನ ಊರುಗೋಲು ಕೊಡೋಣಂದ್ರ, ನಮ್ಮ ಬ್ಯಾಸಗಿ ನಿಮಗ ಗೊತ್ತದಲ್ರಿ. ಉಕ್ಕು ಹಿಗ್ಗಿ ಮ್ಯಾಲ ಒತ್ತಿದರ ಅದೇ ಸಾಕು."

ಸದ್ಯಕ್ಕೆ ಕೂಸಿನ ಕೆಳಗೆ ಮರಳಿನ ಚೀಲ ಒಟ್ಟಿ, ಜನ ಪಕ್ಕದಿಂದ ಬಂದು ಮುಟ್ಟಿ ಹೋಗುವಂತೆ ಕಟಕಟೆ ಕಟ್ಟಿಸಿದರು. ಕೂಸು ಮುರಿದು ಬಿದ್ದರೂ ಯಾರ ಕಾಲಿನ ಮೇಲೂ ಬೀಳಬಾರದಲ್ಲ.

ಸ್ಮಾರಕ ಮಂಡಳಿಯ ಅಧ್ಯಕ್ಷ ಶಿವಶರಣಪ್ಪನವರು ಸುದ್ದಿ ಕೇಳಿ ತಾವೇ ಬಂದರು. ಒಳ್ಳೆಯ ಮನುಷ್ಯ. ಆದರೆ ತಮ್ಮ ಕಾಲದಲ್ಲಿ ಏನೂ ಮುರಿಯಬಾರದು ಎಂಬುದೊಂದೇ ಅವರ ವ್ರತ.

"ಡಾಕ್ಟ್ರೇ, ನಿಮ್ಮ ಹುಳಗೋಳನ್ನ ಔಷಧ ಹೊಡದು ಸಾಯಿಸ್ರಿ. ಸುತ್ತ ಗಾಜು ಹಾಕಿಬಿಡೋಣು. ಮಂದಿ ಹೊರಗ ನಿಂತು ನೋಡಲಿ. ನೋಡ್ಲಿಕ್ಕೇ ಅಲ್ಲೇನು ಸ್ಮಾರಕ ಇರೋದು?"

"ಗಾಜು ಹಾಕಿದ್ರ ಜನ ಬರೋದಿಲ್ಲ ಸರ್. ಬಂದ್ರೂ ದೊರೆ ಫೋಟೊ ಹೊಡಕೊಂಡು ಹೋಗ್ತಾರ. ಆಸ್ಪತ್ರೆಗೆ ಬಂದವರು ಎಲ್ಲಿ ಮುಟ್ಟಬೇಕು?"

"ಕೂಸು ಬಿದ್ದು ಒಡದ್ರ ಅವರೇ ನನ್ನ ಮನಿ ಮುಂದ ಬಂದು ಕೂಡ್ತಾರ. ಯುಗಾದಿತನಕ ಟೈಮ್ ಕೊಡ್ತೀನಿ. ಅಷ್ಟರಾಗ ತೋಳು ಗಟ್ಟಿ ಆಗಬೇಕು. ಇಲ್ಲಾಂದ್ರ ಗಾಜು."

ಇಂದುಮತಿ ಒಪ್ಪಿದಳು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಜೀವಿಗಳನ್ನು ಕೊಂದರೆ ಅವಳ ಇಷ್ಟು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ. ಅದಕ್ಕಿಂತ ಹೆಚ್ಚು ಅವಳನ್ನು ಕಾಡಿದ್ದು ಆ ಗಾಜಿನ ಯೋಚನೆ. ಎಲ್ಲೆಲ್ಲಿಂದಲೋ ಬಂದ ತಾಯಂದಿರು ಗಾಜಿಗೆ ಅಂಗೈ ಇಟ್ಟು ನಿಲ್ಲುವುದನ್ನು ಅವಳಿಂದ ಊಹಿಸಿಕೊಳ್ಳಲೂ ಆಗಲಿಲ್ಲ.

ಮೊದಲು ಅವಳು ಬಾಟಲಿಯಲ್ಲಿ ಬೆವರು ತಯಾರಿಸಿದಳು. ಉಪ್ಪು, ಯೂರಿಯಾ, ಇನ್ನೊಂದಿಷ್ಟು ಸಾಮಗ್ರಿ. ಅದನ್ನು ಕುಂಚದಿಂದ ತೋಳಿಗೆ ಬಳಿದರೆ ಸುಣ್ಣವೇನೋ ಕಟ್ಟಿತು, ಆದರೆ ಕಳಪೆ ಗೋಡೆ ಸುಣ್ಣದ ಹಾಗೆ ಉದುರಿಹೋಯಿತು. ಹರಳು ಹರಳಿಗೆ ಕಚ್ಚಿಕೊಳ್ಳಬೇಕಾದರೆ ಬೆಚ್ಚಗಿನ ಅಂಗೈ ಅದನ್ನು ಮತ್ತೆ ಮತ್ತೆ ಒತ್ತಬೇಕು. ಅವಳೂ ಮೌಲಾಲಿಯೂ ಸರದಿಯ ಮೇಲೆ ತೋಳನ್ನು ಒತ್ತುತ್ತ ಕೂತರು. ಇಬ್ಬರ ಕೈ ಎಲ್ಲಿಗೆ ಸಾಲಬೇಕು? ಬೇಕಾದದ್ದು ಸಾವಿರ ಜನರ ಕೈ. ಅವು ದಿನವೂ ಅಲ್ಲಿಗೇ ಬರುತ್ತಿದ್ದವು, ಒಂದು ಮೊಳ ಆಚೆಗೆ ಹೋಗುತ್ತಿದ್ದವು, ಅಷ್ಟೇ.

ಆಗ ಅವಳೊಂದು ಫಲಕ ಬರೆಸಿದಳು: ‘ದಯವಿಟ್ಟು ತಾಯಿಯ ತೋಳನ್ನು ಮುಟ್ಟಿರಿ.’ ಹಿಂದೆ ಅದೇ ಜಾಗದಲ್ಲಿ ಮುಟ್ಟಬಾರದು ಎಂಬ ಫಲಕವಿತ್ತು. ಆಗ ಜನ ಅದಕ್ಕೆ ಒರಗಿ ನಿಂತೇ ಕೂಸನ್ನು ಸವರುತ್ತಿದ್ದರು. ಹೊಸ ಫಲಕ ಕಂಡವರು ಮಾತ್ರ ಹೆಜ್ಜೆ ಹಿಂದಿಟ್ಟರು.

"ಸರ್ಕಾರದೋರು ತಾವಾಗಿ ಮುಟ್ಟ್ರಿ ಅಂದ್ರ ಅದರಾಗ ಏನೋ ಇರಬೇಕು ನೋಡು," ಎಂದು ಒಬ್ಬ ಮುದುಕ ಹೆಂಡತಿಯ ಸೆರಗು ಹಿಡಿದೆಳೆಯುವುದು ಮೌಲಾಲಿಯ ಕ್ಯಾಮೆರಾ ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು, ಕೇಳಿಸಿತು. "ಕರೆಂಟ್ ಬಿಟ್ಟಿರ್ತಾರ."

ಫಲಕ ತೆಗೆಸಿದರು. ಚಿಟಿ ಚಿಟಿ ಸದ್ದು ಹೆಚ್ಚಾಯಿತು.

ಇಷ್ಟೆಲ್ಲ ದಿನ ಇಂದುಮತಿ ಉಳಿದುಕೊಂಡಿದ್ದು ಅಣ್ಣನ ಮನೆಯಲ್ಲಿ. ಅಣ್ಣ ರೈಲ್ವೆಯಲ್ಲಿ ಗೂಡ್ಸ್ ಗಾರ್ಡು. ವಾರದಲ್ಲಿ ನಾಲ್ಕು ದಿನ ಗಾಡಿಯ ಮೇಲೆ, ಉಳಿದ ದಿನ ಹಾಸಿಗೆಯ ಮೇಲೆ. ಮನೆಯನ್ನು ಹೊತ್ತು ನಡೆಸುವವಳು ಅತ್ತಿಗೆ, ಇಂದುಮತಿಯ ಬಾಯಲ್ಲಿ ವೈನಿ, ಗುರಬಸವ್ವ. ಹೊತ್ತು ಎಂಬುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಮಗಳು ಮುಕ್ತಾಗೆ ಹತ್ತು ವರ್ಷ. ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಲವಿಲ್ಲ. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಗಾಲಿಕುರ್ಚಿ ಇತ್ತು, ಆದರೆ ಮನೆ ಮೂರನೇ ಅಂತಸ್ತಿನಲ್ಲಿ, ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಶಾಲೆಗೆ ಇಳಿಸುವುದು, ಹತ್ತಿಸುವುದು, ಸ್ನಾನ, ಊಟ, ಎಲ್ಲವೂ ವೈನಿಯ ತೋಳಿನ ಮೇಲೆಯೇ.

ಫಲಕ ತೆಗೆಸಿದ ದಿನ ಸಂಜೆ ಇಂದುಮತಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಾಗ ಎದುರುಮನೆಯ ಹೆಂಗಸು ಕೂತಿದ್ದಳು. ಮುಕ್ತಾಳ ಎರಡೂ ಕೆನ್ನೆ ಹಿಡಿದು, "ಯವ್ವ, ಎಷ್ಟು ಬೆಳದಾಳ! ಮೈ ಕೈ ತುಂಬಿಕೊಂಡಾಳ!" ಎಂದು ಲಟಿಕೆ ಮುರಿಯುತ್ತಿದ್ದಳು.

"ನಾ ಹುಡುಗಿ ಅದೀನ್ರಿ, ಕುಂಬಳಕಾಯಿ ಅಲ್ಲ," ಎಂದಳು ಮುಕ್ತಾ. ಆ ಹೆಂಗಸು ನಕ್ಕು, ಇನ್ನೊಂದು ಸಲ ಕೆನ್ನೆ ಸವರಿ ಎದ್ದುಹೋದಳು. ಇಂದುಮತಿಯೂ ಬರುವಾಗ ತಂದಿದ್ದ ಬಣ್ಣದ ಪೆನ್ಸಿಲುಗಳನ್ನು ಮುಕ್ತಾಗೆ ಕೊಟ್ಟು, ಅಭ್ಯಾಸಬಲದಿಂದ ಅವಳ ಕೆನ್ನೆ ತಟ್ಟಿದಳು.

ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತಿದ್ದಳು. ಇಂದುಮತಿ ಬಾಗಿಲಲ್ಲಿ ನಿಂತು ತನ್ನ ಗೋಳನ್ನೆಲ್ಲ ಹೇಳಿಕೊಂಡಳು. ತೋಳು, ಬೆವರು, ಫಲಕ, ಗಾಜು. ವೈನಿ ಹೂಂ ಹೂಂ ಎನ್ನುತ್ತ ಕೇಳಿದಳು. ಮಾತಿನ ನಡುವೆ ಇಂದುಮತಿಗೆ ಏನೋ ವಿಚಿತ್ರವೆನಿಸಿತು. ವೈನಿ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಹೊರಳಿಸಬೇಕಾದಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಅದನ್ನೊಂದು ಸಾಮಾನಿನಂತೆ ಎತ್ತಿ ಒಲೆಯ ಕಟ್ಟೆಯ ಮೇಲಿಟ್ಟು, ಆಮೇಲೆ ಬೆರಳಾಡಿಸುತ್ತಿದ್ದಳು.

"ವೈನಿ, ಕೈಗೆ ಏನಾಗ್ಯದ?"

"ಏನಿಲ್ಲ. ಭುಜ ಹಿಡಕೊಂಡದ."

"ಯಾವಾಗಿನಿಂದ?"

ವೈನಿ ಯೋಚಿಸಿದಳು. "ಹ್ವಾದ ಮಳಿಗಾಲದಿಂದ ಇರಬೇಕು. ಮೆಟ್ಟಲ ಇಳೀವಾಗ ಒಂದೊಂದ್ಸಲ ಕೈ ಇದ್ದದ್ದೇ ಗೊತ್ತಾಗಂಗಿಲ್ಲ. ಗ್ವಾಡಿಗೆ ಆತು ನಿಂದ್ರತೀನಿ."

"ಯಾರಿಗೂ ಹೇಳಿಲ್ಲಲ್ಲ ನೀವು!"

"ಯಾರು ಕೇಳ್ಯಾರ?" ಎಂದಳು ವೈನಿ. ಅದರಲ್ಲಿ ದೂರಿರಲಿಲ್ಲ. "ಬಂದೋರು ಮುಕ್ತಾನ ನೋಡ್ತಾರ, ಮಾತಾಡಸ್ತಾರ, ಆಶೀರ್ವಾದ ಮಾಡ್ತಾರ. ಮಾಡ್ಲಿ, ಪಾಪ, ಹುಡುಗಿಗೆ ಬೇಕು. ಎತ್ಕೊಂಡಾಕಿ ಅಂದ್ರ ಗ್ವಾಡಿ ಇದ್ದಂಗ, ಇಂದು. ಗ್ವಾಡಿಗೆ ಯಾರು ಕೇಳ್ತಾರ, ನೋಯ್ತದೇನು ಅಂತ?"

ಇಂದುಮತಿಗೆ ನಾಚಿಕೆಯಾಯಿತು. ಯಂತ್ರದ ಕಿವಿಗಳನ್ನಿಟ್ಟು ಕಲ್ಲಿನ ತೋಳಿನ ಸದ್ದು ಕೇಳುತ್ತಿದ್ದವಳು ತಾನು. ಇದೇ ಮನೆಯಲ್ಲಿ ವಾರಗಟ್ಟಲೆ ಉಂಡು ಮಲಗಿದ್ದಳು. ಒಲೆ ಆರಿಸಿ, ವೈನಿಯನ್ನು ಬಲವಂತದಿಂದ ಕೂರಿಸಿ, ಎಣ್ಣೆ ಬೆಚ್ಚಗೆ ಮಾಡಿ ಭುಜದಿಂದ ಮಣಿಕಟ್ಟಿನವರೆಗೆ ಒತ್ತತೊಡಗಿದಳು. ವೈನಿ ಮೊದಲು ಬೇಡ ಬೇಡ ಎಂದಳು. ಆಮೇಲೆ ಕಣ್ಣು ಮುಚ್ಚಿದಳು. ಅಣ್ಣ ಊಟಕ್ಕೆ ಬಡಿಸೆಂದು ಕರೆದಾಗ, ರೊಟ್ಟಿ ಡಬ್ಬಿಯಲ್ಲಿವೆ, ಹಾಕಿಕೊಂಡು ತಿನ್ನು ಎಂದು ಇಂದುಮತಿಯೇ ಒಳಗಿನಿಂದ ಕೂಗಿ ಹೇಳಿದಳು.

ಮರುದಿನ ಬೆಳಿಗ್ಗೆ ಅವಳು ನಿಯಂತ್ರಣ ಕೊಠಡಿಗೆ ಹೋಗದೆ ನೇರವಾಗಿ ಸ್ಮಾರಕದ ಸಾಲಿನಲ್ಲಿ ಹೋಗಿ ನಿಂತಳು. ಸಭೆಗಳಲ್ಲಿ ನಿರರ್ಗಳವಾಗಿ ಮಾತಾಡುವವಳು ಇಲ್ಲಿ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಎರಡು ಸಲ ಉರು ಹೊಡೆದಳು. ಮುಂದಿದ್ದವಳು ಹಳ್ಳಿಯಿಂದ ಬಂದ ಗಟ್ಟಿಮುಟ್ಟಾದ ಹೆಂಗಸು, ಸೊಂಟದ ಮೇಲೆ ಜ್ವರದ ಮಗು. ಅವಳು ಕಲ್ಲಿನ ಕೂಸಿನ ಕೆನ್ನೆ ಸವರಿ ಲಟಿಕೆ ಮುರಿದಾಗ ಇಂದುಮತಿ ಧೈರ್ಯ ಮಾಡಿದಳು.

"ಅಕ್ಕ, ಕೂಸಿಗೆ ಎಲ್ಲಾರೂ ಮುಟ್ಟತೀರಿ. ಎತ್ಕೊಂಡಾಕಿ ಕೈ ನೋಡ್ರಿ ಒಂದೀಟು. ಮುನ್ನೂರು ವರ್ಷ ಆತು, ಇಳಿಸಿಲ್ಲ."

ಹೆಂಗಸು ಇವಳ ಮುಖ ನೋಡಿದಳು, ಕಲ್ಲು ನೋಡಿದಳು, ತನ್ನ ಸೊಂಟದ ಮೇಲಿನ ಭಾರವನ್ನು ಒಂದು ಸಲ ಸರಿಪಡಿಸಿಕೊಂಡಳು.

"ಖರೇ ಅದ ನೋಡವ್ವ," ಎಂದಳು. "ಕೂಸೂ ದೊಡ್ಡದಾಗ್ಯದ ಅಂತಾರ. ಆಕಿ ಕೈ ಎಷ್ಟು ಸೋತಿರಬೇಕು!" ಎಂದು ಬಿಡುವಿದ್ದ ಕೈಯಿಂದ ಕಲ್ಲಿನ ತೋಳನ್ನು ಭುಜದಿಂದ ಕೆಳಗಿನವರೆಗೆ, ಮನೆಯಲ್ಲಿ ಹಿರಿಯರ ಕೈಕಾಲು ಒತ್ತುವಂತೆ, ಹಿಡಿಹಿಡಿಯಾಗಿ ಒತ್ತಿದಳು. ಹಿಂದಿದ್ದವರು ಏನು, ಏನು ಎಂದರು. ಅವಳೇ ಹೇಳಿದಳು. ಅವರೂ ಒತ್ತಿದರು. ಇಂದುಮತಿ ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದಳು, ಆದರೆ ಅವಳು ಬಾಯಿ ಬಿಡಬೇಕಾದದ್ದು ಇನ್ನು ಎರಡೋ ಮೂರೋ ಸಲ ಮಾತ್ರ. ಉಳಿದದ್ದನ್ನು ಸಾಲು ತಾನೇ ನೋಡಿಕೊಂಡಿತು.

ಮೌಲಾಲಿ ಓಡುತ್ತ ಹೊರಗೆ ಬಂದ. ಶಾಖ ತೋರಿಸುವ ಅವನ ಪರದೆಯಲ್ಲಿ ಕೆಂಪೆಲ್ಲ ಇಷ್ಟು ವರ್ಷ ಕೂಸಿನ ಮುಖದ ಮೇಲೆಯೇ ಇರುತ್ತಿತ್ತು. ಈಗ ಅದು ತೋಳಿನುದ್ದಕ್ಕೂ ಹರಡಿತ್ತು.

"ಮೇಡಂ, ಏನ್ ಮಾಡಿದ್ರಿ?"

"ನಾ ಏನೂ ಮಾಡಿಲ್ಲ. ಆಕಿ ಕೈ ನೋಯ್ತದ ಅಂತ ಹೇಳಿದೆ."

ವಾರ ಕಳೆಯುವಷ್ಟರಲ್ಲಿ ಬಸ್ ನಿಲ್ದಾಣದಲ್ಲಿ ಹೂವು ಮಾರುವವರೂ ಅದನ್ನೇ ಹೇಳುತ್ತಿದ್ದರು: ಮೊದಲು ಅವ್ವನ ಕೈ ಒತ್ತ್ರಿ, ಆಮ್ಯಾಲ ಕೂಸಿಗೆ ಮುಟ್ಟ್ರಿ. ಕೆಲವರು ಎಣ್ಣೆಯನ್ನೂ ತಂದರು. ಅದನ್ನು ತಡೆಯಲು ಮೌಲಾಲಿ ಪಟ್ಟ ಪಾಡು ಹೇಳತೀರದು. ಶಿವಶರಣಪ್ಪನವರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಬಂದರು.

"ಡಾಕ್ಟ್ರೇ, ನೀವು ವಿಜ್ಞಾನಿ. ಮಂದಿಗೆ ಮೂಢನಂಬಿಕಿ ಕಲಿಸ್ತೀರೇನು?"

"ನಾನೇನು ಸುಳ್ಳು ಹೇಳಿದೆ ಸರ್? ಆ ತೋಳು ಖರೇನೇ ಸೋತದ. ಒತ್ತಿದರ ಖರೇನೇ ಬಲ ಬರ್ತದ. ಬೇಕಾದ್ರ ನೀವೇ ಕೇಳ್ರಿ."

ಮೌಲಾಲಿ ಧ್ವನಿವರ್ಧಕ ಹಾಕಿದ. ಅಧ್ಯಕ್ಷರು ತಲೆ ಓರೆ ಮಾಡಿ ಕೇಳಿದರು. ಬಹಳ ಹೊತ್ತು ಕಾದ ಮೇಲೆ ಒಂದು ಸಲ ಚಿಟಿ ಎಂದಿತು, ಅಷ್ಟೇ. ಅವರು ಎದ್ದು ಹೊರಗೆ ಹೋದರು. ಹೋಗುವ ದಾರಿಯಲ್ಲಿ ಸಾಲಿನ ಸಂದಿಯಿಂದ ಕೈ ತೂರಿಸಿ ಆ ತೋಳನ್ನು ಎರಡು ಸಲ ಒತ್ತಿದ್ದು ಪರದೆಯ ಮೇಲೆ ಕಂಡಿತು.

ಯುಗಾದಿಯ ಹೊತ್ತಿಗೆ ಸದ್ದು ಪೂರಾ ನಿಂತಿತು. ತೋಳು ದಪ್ಪವಾಗಿ, ರಟ್ಟೆ ತುಂಬಿಕೊಂಡು, ದುಡಿಯುವ ಹೆಂಗಸಿನ ತೋಳಿನಂತಾಯಿತು. ಶಿಲ್ಪಿ ಕೆತ್ತಿದ್ದು ಹೀಗಿರಲಿಲ್ಲ ಎಂದು ಇತಿಹಾಸದ ಪ್ರಾಧ್ಯಾಪಕರೊಬ್ಬರು ಪತ್ರಿಕೆಗೆ ಬರೆದರು. ಅದು ನಿಜವೇ. ಗಾಜಿನ ಮಾತು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ.

ಇತ್ತ ಮನೆಯಲ್ಲಿ ಇಂದುಮತಿ ಅಣ್ಣನೊಂದಿಗೆ ಚೆನ್ನಾಗಿಯೇ ಜಗಳ ತೆಗೆದಳು. ಅವನು ನಾಲ್ಕು ದಿನ ಮುನಿಸಿಕೊಂಡ. ಆಮೇಲೆ ಬಾಡಿಗೆಗೆ ನೆಲಮಹಡಿಯ ಮನೆ ಹುಡುಕಲು ತಾನೇ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮನೆ ಇನ್ನೂ ಸಿಕ್ಕಿರಲಿಲ್ಲ. ಗಾಡಿಯಿಲ್ಲದ ದಿನ ಮಗಳನ್ನು ಶಾಲೆಗೆ ಇಳಿಸುವುದು, ಹತ್ತಿಸುವುದು ಅವನ ಪಾಲಿಗೆ ಬಂತು.

ಹಬ್ಬದ ಮರುದಿನ ವೈನಿ ಮುಕ್ತಾಳನ್ನು ಎತ್ತಿಕೊಂಡು ಸ್ಮಾರಕ ನೋಡಲು ಬಂದಳು. ಗಾಲಿಕುರ್ಚಿ ಕಟಕಟೆಯೊಳಗೆ ಹಿಡಿಯದೆ ಹೊರಗೇ ಉಳಿಯಿತು. ಇದೇ ಊರಿನಲ್ಲಿದ್ದೂ ಅವಳು ಎಷ್ಟೋ ವರ್ಷಗಳಿಂದ ಇತ್ತ ಬಂದಿರಲಿಲ್ಲ. ಪಕ್ಕದಲ್ಲಿ ಇಂದುಮತಿ ಇದ್ದಳು. ಸಾಲು ಉದ್ದವಿತ್ತು. ಮುಂದೆ ಯಾವುದೋ ದೂರದ ಊರಿನಿಂದ ಬಂದ ವಯಸ್ಸಾದ ಹೆಂಗಸೊಬ್ಬಳು ಕಲ್ಲಿನ ತೋಳನ್ನು ಸಾವಕಾಶವಾಗಿ, ಮನಸ್ಸಿಟ್ಟು ಒತ್ತಿದಳು. ಒತ್ತಿ ಹಿಂತಿರುಗಿದಾಗ ಎದುರಿಗೆ ವೈನಿ ಕಂಡಳು. ಹತ್ತು ವರ್ಷದ ಹುಡುಗಿ ತೋಳಿನಲ್ಲಿ, ಬೆವರು ಇಳಿಯುತ್ತಿರುವ ಮುಖ.

ಆ ಹೆಂಗಸು ಮುಕ್ತಾಳ ಕೆನ್ನೆ ಮುಟ್ಟಲಿಲ್ಲ. ಪರಿಚಯವಿದ್ದವಳ ಹಾಗೆ, ವೈನಿಯ ಬಲದ ತೋಳಿಗೆ ಕೈ ಹಾಕಿ ಒತ್ತತೊಡಗಿದಳು. ಹಿಂದಿದ್ದ ಇನ್ನೊಬ್ಬಳು, "ಹುಡುಗೀನ ಇತ್ಲಾಗ ಕೊಡ್ರಿ ಒಂದೀಟು," ಎಂದು ಮುಕ್ತಾಳನ್ನು ತೆಗೆದುಕೊಂಡಳು. ಮುಕ್ತಾ ಅವಳ ಕೊರಳಿಗೆ ಕೈ ಹಾಕಿದಳು.

ವೈನಿ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದಳು. ಬೇಡ ಎನ್ನಲು ಬಾಯಿ ತೆರೆದಳು. ಕಣ್ಣು ತುಂಬಿ ಬಂದವು, ಎಡಗೈಯಿಂದ ಒರೆಸಿಕೊಂಡಳು.

"ಅಲ್ಲಲ್ರಿ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ಇನ್ನೂ ಸ್ವಲ್ಪ ಮ್ಯಾಲ."